ಗುಂಟೆ, ಸೆಂಟು ಮತ್ತು ಬಾರ್ನ್: ಕ್ಷೇತ್ರಮಾನಗಳ ಪರಿವರ್ತನೆಯನ್ನು ಕುರಿತು

ತುಂಗಭದ್ರೆಯ ಬಲದಂಡೆಯ ಕಡೆ, ಹೂವಿನಹಡಗಲಿ ತಾಲ್ಲೂಕಿನಲ್ಲಿರುವ ಮೈಲಾರವು ಮೈಲಾರಲಿಂಗನ ನೆಲೆಯೆಂದು ಕನ್ನಡನಾಡಿಗೆಲ್ಲ ಪರಿಚಿತವಾದ ಸ್ಥಳ. ಭರತಹುಣ್ಣಿಮೆಯ ಜಾತ್ರೆಯೂ ಅಲ್ಲಿ ನಡೆಯುವ ಕಾರ್ಣಿಕವೂ ಸುಪ್ರಸಿದ್ಧವಾಗಿವೆ. ಹೊಳೆಯನ್ನು ದಾಟಿ ಆಚೆಗೆ ಹೋದರೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಅದೇ ದೇವರ ಮತ್ತೊಂದು ಗುಡಿಯುಂಟು. ಅಲ್ಲಿಯೂ ಗೊರವರುಂಟು, ಅಲ್ಲಿಯೂ ಕಾರ್ಣಿಕವುಂಟು. ಎರಡು ದಡಗಳ ದೇವರೂ ನುಡಿಯೂ ಒಂದೇ ಆಗಿದ್ದರೂ ಹೊಲದ ಅಳತೆ ಮಾತ್ರ ಬೇರೆಬೇರೆಯಾಗಿ ಬೆಳೆದು ಬಂದಿದೆ. ಬಳ್ಳಾರಿ ಸೀಮೆಯು 1800ರಲ್ಲಿ ಕುಂಪಣಿಯವರ ಕೈಸೇರಿದಂದಿನಿಂದ 1953ನೆಯ ಅಕ್ಟೋಬರ್ 1ರಂದು ಮೈಸೂರಿನೊಡನೆ ಕೂಡುವವರೆಗೂ ಮದರಾಸು ಆಡಳಿತಕ್ಕೆ ಒಳಪಟ್ಟಿತ್ತು. ಆಚೆಯ ಧಾರವಾಡ ಸೀಮೆಯು 1956ನೆಯ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಮದರಾಸಿನವರು ಎಕರೆಯನ್ನು 100 ಸೆಂಟುಗಳಾಗಿ ವಿಭಾಗಿಸಿದರು. ಮುಂಬಯಿಯವರು 40 ಗುಂಟೆಗಳಾಗಿಯೂ, ಗುಂಟೆಯನ್ನು 16 ಆಣೆಗಳಾಗಿಯೂ ವಿಭಾಗಿಸಿದರು. ರಾಜ್ಯಗಳು ಒಂದಾಗಿ ಎಷ್ಟೋ ವರ್ಷಗಳಾದುವು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಈಗ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿವೆ. ಆದರೂ ಸೆಂಟಿನ ಮಾತು ಈ ಸೀಮೆಯ ಜನರ ಬಾಯಿಂದ ಹೋಗಿಲ್ಲ.

ಈ ಭೇದವು ಕೇವಲ ಹೆಸರಿನದೆಂದು ಭಾವಿಸತಕ್ಕದ್ದಲ್ಲ. ಗುಂಟೆಯ ಪದ್ಧತಿಯಲ್ಲಿ ಎರಡೂವರೆ ಎಕರೆಯನ್ನು 2-20 ಎಂದು ಬರೆಯುವರು. ಅಡ್ಡಗೆರೆಯ ಮುಂದಿನ ಅಂಕೆ ಗುಂಟೆಯನ್ನು ಸೂಚಿಸುವುದು. ಸೆಂಟಿನ ಪದ್ಧತಿಯಲ್ಲಿ 2.20 ಎಂದು ಬರೆದರೆ ಅದು 2 ಎಕರೆ 20 ಸೆಂಟು, ಎಂದರೆ 2 ಎಕರೆ 8 ಗುಂಟೆ ಮಾತ್ರ. ಗೆರೆಯೋ ಚುಕ್ಕೆಯೋ ಅಳಿಸಿಹೋಗಿರುವ ಹಳೆಯ ಕಾಗದದಲ್ಲಿ ಒಂದನ್ನು ಇನ್ನೊಂದೆಂದು ಓದಿದರೆ 12 ಗುಂಟೆ, ಎಂದರೆ 13,068 ಚದರ ಅಡಿ ಭೂಮಿಯು ಒಬ್ಬನ ಪಾಲಿನಿಂದ ಇನ್ನೊಬ್ಬನ ಪಾಲಿಗೆ ಜಾರುವುದು. ಮೂವತ್ತು ಅಡಿಗೆ ನಲವತ್ತು ಅಡಿಯ ಮನೆ ನಿವೇಶನಗಳು ಹತ್ತಕ್ಕಿಂತ ಹೆಚ್ಚು ಆಗುವಷ್ಟು ನೆಲವಿದು. ಇಂತಹ ಕಾಗದವನ್ನು ಪರೀಕ್ಷಿಸುವುದಕ್ಕೆ ಒಂದು ಸುಲಭವಾದ ಉಪಾಯವುಂಟು. ಗುಂಟೆಯ ಅಂಕೆ ಎಂದಿಗೂ 39ನ್ನು ಮೀರಲಾರದು. ಸೆಂಟಿನ ಅಂಕೆ 99ರವರೆಗೆ ಹೋಗಬಹುದು. ಆದಕಾರಣ ಪತ್ರದ ಯಾವುದಾದರೊಂದು ಸಾಲಿನಲ್ಲಿ 40 ಅಥವಾ ಅದಕ್ಕೆ ಮೇಲ್ಪಟ್ಟ ಅಂಕೆ ಕಂಡುಬಂದರೆ ಆ ಸಾಲು ಸೆಂಟಿನಲ್ಲಿ ಬರೆದದ್ದೆಂದು ನಿಸ್ಸಂದೇಹವಾಗಿ ಹೇಳಬಹುದು.

ಗುಂಟೆಗೂ ಸೆಂಟಿಗೂ ಮೂಲ ಒಂದೇ ಆಗಿರುವುದು ಗಮನಾರ್ಹ. ಇಂಗ್ಲೆಂಡಿನ ಗಂಟರನ ಸರಪಳಿಯ ಉದ್ದ 66 ಅಡಿ. ಅದರಲ್ಲಿ 100 ಕೊಂಡಿಗಳು. ಹತ್ತು ಚದರ ಸರಪಳಿಗೆ ಒಂದು ಎಕರೆ. ಒಂದು ಚದರ ಸರಪಳಿಯು 66 × 66 = 4,356 ಚದರ ಅಡಿಯಾದ್ದರಿಂದ ಎಕರೆಗೆ 43,560 ಚದರ ಅಡಿಯಾಯಿತು. ಇದನ್ನೇ ಕೊಂಡಿಗಳಲ್ಲಿ ಲೆಕ್ಕ ಹಾಕಿದರೆ ಒಂದು ಲಕ್ಷ ಚದರ ಕೊಂಡಿ. ಅದರ ನೂರರಲ್ಲೊಂದು ಪಾಲು, ಎಂದರೆ ಒಂದು ಸಾವಿರ ಚದರ ಕೊಂಡಿ ಅಥವಾ 435.6 ಚದರ ಅಡಿ, ಸೆಂಟು ಎನಿಸಿತು. ಮುಂಬಯಿ ಮೋಜಣಿಯವರು ಹಿಡಿದದ್ದು ಅರ್ಧ ಸರಪಳಿ, 33 ಅಡಿಯದು. ಉದ್ದವು ಅರ್ಧವಾದರೆ ಕ್ಷೇತ್ರವು ಅರ್ಧವಾಗುವುದಿಲ್ಲ, ಕಾಲಾಗುವುದು. ಹತ್ತು ಚದರ ಸರಪಳಿಯ ಎಕರೆಯಲ್ಲಿ ನಲವತ್ತು ಚದರ ಅರ್ಧಸರಪಳಿಗಳು ಹಿಡಿಸುವುದು ಇದರಿಂದಲೇ. 33 × 33 = 1,089 ಚದರ ಅಡಿಯೇ ಗುಂಟೆ. ನಲವತ್ತೆಂಬ ಸಂಖ್ಯೆಯು ಎಲ್ಲಿಂದ ಬಂತೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಎರಡೂವರೆ ಸೆಂಟಿಗೆ ಒಂದು ಗುಂಟೆ ಎಂಬ ಸಂಬಂಧವೂ ಇಲ್ಲಿಂದಲೇ ಸಿದ್ಧವಾಗುವುದು.

ಅಡಿಯನ್ನು ಮೀಟರಿಗೆ ತರುವಲ್ಲಿಯೂ ಇದೇ ನ್ಯಾಯ. 1959ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಒಂದು ಅಡಿಯು ಸರಿಯಾಗಿ 0.3048 ಮೀಟರು. ಚದರ ಅಡಿಗೆ ಆ ಸಂಖ್ಯೆಯ ವರ್ಗವನ್ನು ಹಿಡಿಯಬೇಕು, ಅದು 0.09290304 ಚದರ ಮೀಟರು. ಇದರಂತೆ ಎಕರೆಗೆ 4,046.86, ಸೆಂಟಿಗೆ 40.47, ಗುಂಟೆಗೆ 101.17 ಚದರ ಮೀಟರುಗಳಾಗುವುವು. ಗುಂಟೆಯು ನೂರು ಚದರ ಮೀಟರಿನ ಆರ್ ಎಂಬ ಮೆಟ್ರಿಕ್ ಮಾನಕ್ಕೆ ಇಷ್ಟು ಸಮೀಪವಾಗಿರುವುದು ಕೇವಲ ಯಾದೃಚ್ಛಿಕ. ಆದರೆ ಮುಂದಿನ ನಮ್ಮ ಲೆಕ್ಕಕ್ಕೆ ಬಹಳ ಅನುಕೂಲವಾದದ್ದು.

ಅಳೆಯುವ ಕೋಲು ಯಾವುದೆಂಬುದನ್ನು ಹೇಳದೆ ಕ್ಷೇತ್ರವನ್ನು ಹೇಳಬಾರದೆಂಬ ವಿವೇಕವು ನಮ್ಮ ನಾಡಿಗೆ ಸರಪಳಿಯೊಡನೆ ಬಂದುದಲ್ಲ. ದಾನಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳುವಾಗ ಎಷ್ಟೋ ಕಡೆ ಯಾವ ಗಳೆಯಿಂದ ಅಳೆದುದೆಂಬುದನ್ನೂ ಸೇರಿಸಿ ಹೇಳಿರುವರು. ಬಳ್ಳಿಗಾವೆಯ ಭೇರುಂಡ ಗಳೆಯಂತಹ ಹೆಸರುಗಳು ಶಾಸನಾಭ್ಯಾಸಿಗಳಿಗೆ ಪರಿಚಿತವೇ ಆಗಿವೆ. ಗಳೆಯ ಹೆಸರಿಗೆ ಇಷ್ಟು ಮಹತ್ವವೇಕೆಂದರೆ, ಎಂಟು ಗೇಣಿನ ಕೋಲಿಗೆ ಬದಲಾಗಿ ಒಂಬತ್ತು ಗೇಣಿನ ಕೋಲನ್ನು ಹಿಡಿದರೆ ಉದ್ದದಲ್ಲಿ ಎಂಟರಲ್ಲೊಂದು ಪಾಲು ಮಾತ್ರ ಹೆಚ್ಚಾಗುವುದು. ಕ್ಷೇತ್ರವಾದರೋ 64ಕ್ಕೆ 81 ಆಗಿ ಕಾಲುಭಾಗಕ್ಕೂ ಮಿಗಿಲಾಗಿ ಬೆಳೆಯುವುದು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಕ್ಷೇತ್ರಗಣಿತವೆಂಬ ಒಂದು ಗ್ರಂಥವನ್ನೇ ರಚಿಸಿದನೆಂಬುದನ್ನು ನೆನೆದರೆ ಇಂತಹ ಲೆಕ್ಕಕ್ಕೆ ಅಂದು ಎಷ್ಟು ಅಗತ್ಯವಿದ್ದಿತೆಂಬುದು ತಿಳಿಯುವುದು.

ಇನ್ನು ಹೊಲವನ್ನು ಬಿಟ್ಟು ಪರಮಾಣುವಿನ ಒಳಕ್ಕೆ ಹೋಗೋಣ. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಎಂಬ ಅತಿಸೂಕ್ಷ್ಮವಾದ ಬೀಜವುಂಟು. ಪ್ರೋಟಾನು, ನ್ಯೂಟ್ರಾನುಗಳು ಅದರಲ್ಲಿ ಒತ್ತಾಗಿ ಸೇರಿವೆ. ಹೊರಗಿನಿಂದ ಒಂದು ಕಣವನ್ನು ಎಸೆದರೆ ಅದು ಬೀಜಕ್ಕೆ ತಾಗುವ ಸಂಭವವೆಷ್ಟು ಎಂಬುದನ್ನು ಭೌತವಿಜ್ಞಾನಿಗಳು ಒಂದು ಕ್ಷೇತ್ರಫಲದ ರೂಪದಲ್ಲಿ ಹೇಳುವರು. ಅದಕ್ಕೆ ಅಡ್ಡಕೊಯ್ತವೆಂದು ಹೆಸರು. ಅದರ ಮಾನವೇ ಬಾರ್ನ್. ಇದರ ನಾಮಕರಣದ ಕಥೆ ವಿನೋದವಾಗಿದೆ. 1942ರ ಡಿಸೆಂಬರಿನಲ್ಲಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬಾಂಬಿನ ರಹಸ್ಯಕಾರ್ಯಕ್ಕೆ ಸಂಬಂಧಿಸಿದ ಮಾಪನಗಳನ್ನು ನಡೆಸುತ್ತಿದ್ದ ಹಾಲೋವೇ ಮತ್ತು ಬೇಕರ್ ಎಂಬಿಬ್ಬರು, ಮಾತುಮಾತಿಗೂ 'ಹತ್ತರ ಋಣ ಇಪ್ಪತ್ತನಾಲ್ಕನೆಯ ಘಾತ ಚದರ ಸೆಂಟಿಮೀಟರ್' ಎಂದು ಹೇಳಿ ಬೇಸತ್ತು, ಅದಕ್ಕೊಂದು ಚಿಕ್ಕ ಹೆಸರನ್ನು ಹುಡುಕಿದರು. ಓಪನ್‌ಹೈಮರನ ಹೆಸರು ಉದ್ದವಾಯಿತು; ಬೆಥೆಯ ಹೆಸರು ಗ್ರೀಕರ ಬೀಟಾ ಅಕ್ಷರದೊಡನೆ ಗೊಂದಲಕ್ಕೆ ಎಡೆಗೊಡುವಂತಿತ್ತು. ಕೊನೆಗೆ ಅವರಲ್ಲಿ ಹಳ್ಳಿಯ ಪರಿಚಯವಿದ್ದ ಒಬ್ಬನಿಗೆ ಬಾರ್ನ್ ಎಂಬ ಪದ ಹೊಳೆಯಿತು. ಹುಲ್ಲನ್ನೂ ಧಾನ್ಯವನ್ನೂ ದನಕರುಗಳನ್ನೂ ಒಂದೇ ಮಾಡಿನಡಿಯಲ್ಲಿ ಇರಿಸುವ ದೊಡ್ಡ ಕೊಟ್ಟಿಗೆಗೆ ಆ ಹೆಸರು. ಯಾರು ಕಲ್ಲೆಸೆದರೂ ಗುರಿತಪ್ಪದಷ್ಟು ವಿಶಾಲವಾದುದು. ನ್ಯೂಕ್ಲಿಯಸ್ಸಿನ ಲೋಕದಲ್ಲಿ 10⁻²⁴ ಚದರ ಸೆಂಟಿಮೀಟರು ಅಂತಹ ಕೊಟ್ಟಿಗೆಯಷ್ಟು ದೊಡ್ಡದೆಂಬುದು ಅವರ ಇಂಗಿತ. ಒಕ್ಕಲುತನದ ಮಾತೊಂದು ಹೀಗೆ ವಿಜ್ಞಾನದ ನೆತ್ತಿಗೇರಿತು.

ಒಂದು ಚದರ ಮೀಟರಿನಲ್ಲಿ ಹತ್ತು ಸಾವಿರ ಚದರ ಸೆಂಟಿಮೀಟರುಗಳಿರುವುದರಿಂದ ಒಂದು ಬಾರ್ನ್ ಎಂದರೆ 10⁻²⁸ ಚದರ ಮೀಟರು. ಆದ್ದರಿಂದ ಒಂದು ಆರ್ ಭೂಮಿಯಲ್ಲಿ ಸರಿಯಾಗಿ 10³⁰, ಒಂದು ಹೆಕ್ಟೇರಿನಲ್ಲಿ 10³² ಬಾರ್ನುಗಳು. ಗುಂಟೆಯಲ್ಲಿ 1.0117 × 10³⁰, ಸೆಂಟಿನಲ್ಲಿ 4.0469 × 10²⁹, ಎಕರೆಯಲ್ಲಿ 4.0469 × 10³¹. ಮೂವತ್ತು-ನಲವತ್ತರ ನಿವೇಶನದಲ್ಲಿ 1.1148 × 10³⁰ ಬಾರ್ನುಗಳಿವೆ. ನೆಲದ ವ್ಯಾಪಾರದಲ್ಲಿ ಯಾರೂ ಬಾರ್ನನ್ನು ಕೇಳಲಾರರೆಂಬುದು ನಿಜ. ಆದರೆ ಇಷ್ಟು ದೂರದ ಎರಡು ಮಾನಗಳು ಕೂಡ ಗುಣಾಕಾರವೊಂದರಿಂದಲೇ ಸೇರುವುವು, ನಡುವೆ ಹೊಸ ತತ್ತ್ವವಾವುದೂ ಬೇಕಾಗುವುದಿಲ್ಲವೆಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಇಷ್ಟು ದೊಡ್ಡ ಸಂಖ್ಯೆಗಳಿಗೆ ಹೆಸರಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಏಕ, ದಶ, ಶತಗಳಿಂದ ತೊಡಗಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರುಗಳನ್ನು ಕೊಟ್ಟಿರುವನು. ಕೊನೆಯದು ಮಹಾಕ್ಷೋಭ. ಏಕಸ್ಥಾನವು ಒಂದನ್ನು ಸೂಚಿಸುವುದರಿಂದ ಇಪ್ಪತ್ತನಾಲ್ಕನೆಯ ಸ್ಥಾನವು 10²³ ಆಗುವುದು. ಒಂದು ಚದರ ಸೆಂಟಿಮೀಟರಿನಲ್ಲಿರುವ ಬಾರ್ನುಗಳು 10²⁴, ಎಂದರೆ ಹತ್ತು ಮಹಾಕ್ಷೋಭ. ಆಚಾರ್ಯನ ಪಟ್ಟಿ ನಿಲ್ಲುವ ಸ್ಥಾನದಿಂದ ಒಂದೇ ಹೆಜ್ಜೆ ಮುಂದೆ ಇಂದಿನ ವಿಜ್ಞಾನಿಗಳ ಕೊಟ್ಟಿಗೆಯಿದೆ. ಗುಂಟೆಗೆ ಬಂದರೆ, 10³⁰ ಎಂದರೆ ಒಂದು ಕೋಟಿ ಮಹಾಕ್ಷೋಭ. ಮೈಲಾರನ ಭಕ್ತರ ಬಾಯಲ್ಲಿ ಸದಾ ಮೊಳಗುವ 'ಏಳುಕೋಟಿ'ಯನ್ನು ಇಲ್ಲಿ ನೆನೆಯದಿರುವುದು ಕಷ್ಟ: ಏಳು ಗುಂಟೆಯ ಹೊಲವಿದ್ದವನಿಗೆ ಏಳುಕೋಟಿ ಮಹಾಕ್ಷೋಭ ಬಾರ್ನುಗಳ ಒಡೆತನವಿದೆಯೆಂದು ಹೇಳಿದರೆ ಲೆಕ್ಕದಲ್ಲಿ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು ವ್ಯತ್ಯಾಸವಾದೀತು, ಅಷ್ಟೆ.

ಬಾರ್ನಿಗಿಂತಲೂ ಚಿಕ್ಕ ಮಾನಗಳನ್ನು ಉಪಸರ್ಗಗಳಿಂದ ಮಾಡುವರು: ಮಿಲಿಬಾರ್ನ್ ಸಾವಿರದಲ್ಲೊಂದು, ಮೈಕ್ರೊಬಾರ್ನ್ ಹತ್ತು ಲಕ್ಷದಲ್ಲೊಂದು, ನ್ಯಾನೊಬಾರ್ನ್ 10⁻⁹, ಪಿಕೊಬಾರ್ನ್ 10⁻¹², ಫೆಮ್ಟೊಬಾರ್ನ್ 10⁻¹⁵ ಬಾರ್ನ್. ಇಲ್ಲಿ ಅಭ್ಯಾಸಿಗಳು ಎಡವುವ ಒಂದು ಸ್ಥಳವುಂಟು. ಚದರ ಮಿಲಿಮೀಟರ್ ಎಂಬಲ್ಲಿ ಮಿಲಿ ಎಂಬ ಉಪಸರ್ಗವೂ ವರ್ಗಕ್ಕೆ ಒಳಪಡುವುದು. ಆದ್ದರಿಂದ ಅದು ಚದರ ಮೀಟರಿನ ಸಾವಿರದಲ್ಲೊಂದಲ್ಲ, ಹತ್ತು ಲಕ್ಷದಲ್ಲೊಂದು. ಮಿಲಿಬಾರ್ನ್ ಎಂಬಲ್ಲಿ ಹಾಗಲ್ಲ. ಬಾರ್ನ್ ತಾನೇ ಕ್ಷೇತ್ರವಾದುದರಿಂದ ಉಪಸರ್ಗವನ್ನು ಒಮ್ಮೆ ಮಾತ್ರ ಹಿಡಿಯಬೇಕು. ಎಕರೆಯ ನೂರರಲ್ಲೊಂದು ಸೆಂಟು ಆದಂತೆ ಇದು. ಕೊಂಡಿಯು ಸರಪಳಿಯ ನೂರರಲ್ಲೊಂದಾದರೂ ಚದರ ಕೊಂಡಿಯು ಚದರ ಸರಪಳಿಯ ಹತ್ತು ಸಾವಿರದಲ್ಲೊಂದಾದಂತೆ ಅದು. ಫೆಮ್ಟೊಮೀಟರಿನಲ್ಲಿ ಈ ತೊಡಕು ವಿಪರೀತವಾಗುವುದು. ಫೆರ್ಮಿಯೆಂದೂ ಕರೆಯುವ ಆ ಉದ್ದವು 10⁻¹⁵ ಮೀಟರು. ಅದರ ವರ್ಗ 10⁻³⁰ ಚದರ ಮೀಟರು, ಎಂದರೆ ಬಾರ್ನಿನ ನೂರರಲ್ಲೊಂದು, ಅಥವಾ ಹತ್ತು ಮಿಲಿಬಾರ್ನ್. ಫೆಮ್ಟೊಬಾರ್ನ್ ಆದರೋ 10⁻⁴³ ಚದರ ಮೀಟರು. ಹೆಸರುಗಳು ಸೋದರರಂತೆ ತೋರಿದರೂ ಒಂದು ಇನ್ನೊಂದಕ್ಕಿಂತ ಹತ್ತು ಲಕ್ಷ ಕೋಟಿಯಷ್ಟು ದೊಡ್ಡದು.

ಯುರೇನಿಯಮ್ ಬೀಜದ ತ್ರಿಜ್ಯವು ಸುಮಾರು 7.4 ಫೆರ್ಮಿ. ಅದರ ಮುಖವನ್ನು ವೃತ್ತವೆಂದು ಹಿಡಿದರೆ ಕ್ಷೇತ್ರಫಲವು ಸುಮಾರು 172 ಚದರ ಫೆರ್ಮಿ, ಎಂದರೆ 1.72 ಬಾರ್ನ್. ಬೀಜಗಳ ಗಾತ್ರಕ್ಕೆ ಬಾರ್ನ್ ತಕ್ಕ ಮಾನವೆಂಬುದು ಇದರಿಂದ ಸ್ಪಷ್ಟ. ಆದರೆ ಅಡ್ಡಕೊಯ್ತವೆಂಬುದು ಬೀಜದ ಮುಖದ ವಿಸ್ತೀರ್ಣವೇ ಎಂದು ತಿಳಿದರೆ ಮುಂದಿನ ಸಂಖ್ಯೆಗಳು ಅರ್ಥವಾಗಲಾರವು. ಯುರೇನಿಯಮ್-235ರ ಬೀಜವು ಮಂದಗತಿಯ ನ್ಯೂಟ್ರಾನಿನಿಂದ ಒಡೆಯುವ ಅಡ್ಡಕೊಯ್ತ ಸುಮಾರು 585 ಬಾರ್ನ್. ಕ್ಸೆನಾನ್-135 ಎಂಬ ಬೀಜವು ಅಂತಹ ನ್ಯೂಟ್ರಾನನ್ನು ನುಂಗುವ ಅಡ್ಡಕೊಯ್ತ ಸುಮಾರು 26 ಲಕ್ಷ ಬಾರ್ನ್. ಅದರ ಮುಖದ ವಿಸ್ತೀರ್ಣವಾದರೋ ಒಂದು ಬಾರ್ನಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಕಾರಣವಿಷ್ಟೆ: ಮಂದಗತಿಯ ನ್ಯೂಟ್ರಾನು ಚಿಕ್ಕ ಗುಂಡಿನಂತೆ ವರ್ತಿಸದೆ ಅಲೆಯಂತೆ ಹರಡಿಕೊಳ್ಳುವುದು, ಅದರ ಅಲೆಯುದ್ದವು ಬೀಜದ ಗಾತ್ರಕ್ಕಿಂತ ಸಾವಿರಾರು ಪಟ್ಟು ದೊಡ್ಡದು, ಬೀಜದ ಒಳರಚನೆಯು ಆ ಅಲೆಗೆ ಸರಿಯಾಗಿ ಹೊಂದಿದಾಗ ಹಿಡಿತವು ಬಹಳ ಬಲವಾಗುವುದು. ಅಡ್ಡಕೊಯ್ತವು ಕ್ಷೇತ್ರದ ವೇಷವನ್ನು ಧರಿಸಿದ ಸಂಭವನೀಯತೆ. 1944ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹ್ಯಾನ್‌ಫರ್ಡಿನ ಹೊಸ ರಿಯಾಕ್ಟರು ಪ್ರಾರಂಭವಾದ ಕೆಲವೇ ಗಂಟೆಗಳಲ್ಲಿ ತಾನಾಗಿ ಕುಂದಿ ನಿಂತುಹೋದದ್ದು ಈ ಕ್ಸೆನಾನಿನ ದೆಸೆಯಿಂದ.

ಕರ್ನಾಟಕದಲ್ಲಿ ಈ ಸಂಖ್ಯೆಗಳು ನಿತ್ಯದ ಕೆಲಸಕ್ಕೆ ಬರುವ ಸ್ಥಳವು ಉತ್ತರ ಕನ್ನಡದ ಕೈಗಾ. ಅಲ್ಲಿನ ರಿಯಾಕ್ಟರುಗಳು 2000ದಿಂದ ವಿದ್ಯುತ್ತನ್ನು ಒದಗಿಸುತ್ತಿವೆ. ಅವು ಉರಿಸುವುದು ಪ್ರಕೃತಿಯಲ್ಲಿ ದೊರೆಯುವ ಯುರೇನಿಯಮ್ಮನ್ನು. ಅದರಲ್ಲಿ ಸುಲಭವಾಗಿ ಒಡೆಯುವ 235ರ ಪಾಲು ನೂರಕ್ಕೆ 0.72 ಮಾತ್ರ. ಒಡೆತದಿಂದ ಹುಟ್ಟಿದ ವೇಗದ ನ್ಯೂಟ್ರಾನುಗಳನ್ನು ಮಂದಗೊಳಿಸುವುದಕ್ಕೆ ನೀರು ಬೇಕು; ಆದರೆ ಆ ನೀರೇ ನ್ಯೂಟ್ರಾನುಗಳನ್ನು ಕುಡಿದುಬಿಟ್ಟರೆ ಸರಪಳಿಕ್ರಿಯೆ ನಡೆಯಲಾರದು. ಸಾಮಾನ್ಯ ಜಲಜನಕದ ಬೀಜವು ಮಂದ ನ್ಯೂಟ್ರಾನನ್ನು ಹೀರುವ ಅಡ್ಡಕೊಯ್ತ ಸುಮಾರು 333 ಮಿಲಿಬಾರ್ನ್. ಭಾರಜಲದಲ್ಲಿರುವ ಡ್ಯೂಟೀರಿಯಮ್ಮಿನದು ಸುಮಾರು 0.52 ಮಿಲಿಬಾರ್ನ್. ಎರಡಕ್ಕೂ ಆರು ನೂರು ಪಟ್ಟಿಗಿಂತ ಹೆಚ್ಚು ಅಂತರವಿದೆ. ಬಹುವ್ಯಯದಿಂದ ಭಾರಜಲವನ್ನು ತಯಾರಿಸಿ ಕೈಗಾದಲ್ಲಿ ತುಂಬುವುದು ಈ ಒಂದು ಅಂತರಕ್ಕಾಗಿಯೇ. ಕೋಷ್ಟಕದಿಂದ ನಕಲು ಮಾಡುವಾಗ ಡ್ಯೂಟೀರಿಯಮ್ಮಿನ ಸಾಲಿನಲ್ಲಿ ಮಿಲಿ ಎಂಬ ಎರಡಕ್ಷರವನ್ನು ಬಿಟ್ಟು 0.52 ಬಾರ್ನ್ ಎಂದು ಬರೆದರೆ ಏನಾದೀತು? ಭಾರಜಲವು ಸಾಮಾನ್ಯ ಜಲಕ್ಕಿಂತಲೂ ಹೆಚ್ಚು ನುಂಗುವ ವಸ್ತುವೆಂದು ತೋರಿ ನಿರ್ಣಯವೇ ತಲೆಕೆಳಗಾಗುವುದು. ಹೊಳೆಯ ಈಚೆ 2-20ಕ್ಕೂ 2.20ಕ್ಕೂ ನಡುವೆ ಇರುವ ಅಪಾಯವೇ ಇಲ್ಲಿಯೂ ಇದೆ. ಪ್ರಮಾಣವು ಮಾತ್ರ ಬೇರೆ.

ಕ್ಷೇತ್ರವನ್ನು ತಲೆಕೆಳಗು ಮಾಡಿದ ಇನ್ನೊಂದು ಮಾನವನ್ನು ಈಚಿನ ಕಣಭೌತವಿಜ್ಞಾನದಲ್ಲಿ ಪದೇಪದೇ ಕಾಣುತ್ತೇವೆ: 'ಪ್ರತಿ ಫೆಮ್ಟೊಬಾರ್ನಿಗೆ ಇಷ್ಟು' ಎಂಬುದು. ವೃತ್ತಪತ್ರಿಕೆಗಳಲ್ಲಿ ಇದನ್ನು ಓದಿದವರು ಬೆರಗಾಗುವುದು ಸಹಜ. ಬಿತ್ತನೆಯ ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಹೊಲದಲ್ಲಿ ಎರಡು ಚದರ ಅಡಿಯ ಮೊರವೊಂದನ್ನು ಇಟ್ಟು, ಪ್ರತಿ ಚದರ ಅಡಿಗೆ ಐದು ಕಾಳು ಬೀಳುವಂತೆ ಎರಚಿದರೆ ಮೊರದಲ್ಲಿ ಸುಮಾರು ಹತ್ತು ಕಾಳು ದೊರೆಯುವುವು. ಎರಚಿದ ದಟ್ಟಣೆಯನ್ನು ಮೊರದ ವಿಸ್ತೀರ್ಣದಿಂದ ಗುಣಿಸಿದರೆ ಬಿದ್ದ ಕಾಳಿನ ಲೆಕ್ಕ ಬರುವುದು. ಒಂದರಲ್ಲಿ ಚದರ ಅಡಿಯು ಛೇದದಲ್ಲಿದೆ, ಇನ್ನೊಂದರಲ್ಲಿ ಅಂಶದಲ್ಲಿದೆ, ಗುಣಿಸಿದಾಗ ಎರಡೂ ಹೋಗಿ ಬರಿಯ ಎಣಿಕೆ ಉಳಿಯುವುದು. ಕಣಗಳ ಡಿಕ್ಕಿಯಲ್ಲಿ ಅಡ್ಡಕೊಯ್ತವೇ ಮೊರ; ಯಂತ್ರವು ಎಷ್ಟು ದಟ್ಟವಾಗಿ ಎರಚಿತೆಂಬುದೇ ಪ್ರತಿ ಫೆಮ್ಟೊಬಾರ್ನಿನ ಸಂಖ್ಯೆ.

ಛೇದದಲ್ಲಿ ಕುಳಿತ ಮಾನವನ್ನು ಪರಿವರ್ತಿಸುವಾಗ ಗುಣಾಕಾರ ಭಾಗಾಕಾರಗಳು ಅದಲುಬದಲಾಗುವುವು. ಗುಂಟೆಗೆ ಒಂದು ಗಿಡವೆಂದರೆ ಎಕರೆಗೆ ನಲವತ್ತು ಗಿಡ. ಗುಂಟೆಯು ಎಕರೆಯ ನಲವತ್ತನೆಯ ಒಂದು ಭಾಗವೆಂದು ಎಕರೆಗೆ ನಲವತ್ತನೆಯ ಒಂದು ಗಿಡವೆಂದು ಯಾವ ರೈತನೂ ಹೇಳನು. ಅದರಂತೆಯೇ, ಫೆಮ್ಟೊಬಾರ್ನ್ ಪಿಕೊಬಾರ್ನಿನ ಸಾವಿರದಲ್ಲೊಂದಾದರೂ, ಪ್ರತಿ ಫೆಮ್ಟೊಬಾರ್ನಿಗೆ ಒಂದು ಎಂದರೆ ಪ್ರತಿ ಪಿಕೊಬಾರ್ನಿಗೆ ಸಾವಿರ. ಜಿನೀವಾದ ಬಳಿಯ ಸೆರ್ನ್ ಸಂಸ್ಥೆಯ ಬೃಹತ್ ಹ್ಯಾಡ್ರಾನ್ ಘರ್ಷಕದಲ್ಲಿ 2015ರಿಂದ 2018ರವರೆಗೆ ಅಟ್ಲಾಸ್ ಎಂಬ ಉಪಕರಣವು ಸಂಗ್ರಹಿಸಿದ ಉಪಯುಕ್ತ ದತ್ತಾಂಶವು ಪ್ರತಿ ಫೆಮ್ಟೊಬಾರ್ನಿಗೆ ಸುಮಾರು 140. ಆ ಶಕ್ತಿಯಲ್ಲಿ ಹಿಗ್ಸ್ ಕಣವು ಹುಟ್ಟುವ ಅಡ್ಡಕೊಯ್ತ ಸುಮಾರು 55 ಪಿಕೊಬಾರ್ನ್, ಎಂದರೆ 55,000 ಫೆಮ್ಟೊಬಾರ್ನ್. ಎರಡನ್ನೂ ಗುಣಿಸಿದರೆ 77 ಲಕ್ಷ ಹಿಗ್ಸ್ ಕಣಗಳು. ಪ್ರೋಟಾನುಗಳು ಒಂದನ್ನೊಂದು ತಾಗಿ ಬೇರೆ ಕಣಗಳನ್ನು ಹುಟ್ಟಿಸುವ ಒಟ್ಟು ಅಡ್ಡಕೊಯ್ತವು ಸುಮಾರು 80 ಮಿಲಿಬಾರ್ನ್ ಆದುದರಿಂದ, ಸುಮಾರು 145 ಕೋಟಿ ಡಿಕ್ಕಿಗಳಲ್ಲಿ ಒಂದರಲ್ಲಿ ಮಾತ್ರ ಹಿಗ್ಸ್ ಹುಟ್ಟುವುದೆಂದೂ ತಿಳಿಯುವುದು. ಆ ನಾಲ್ಕು ವರ್ಷಗಳ ಎರಚಾಟದ ದಟ್ಟಣೆಯನ್ನು ನಮ್ಮ ಹೊಲದ ಮಾನದಲ್ಲಿ ಹೇಳುವುದಾದರೆ ಗುಂಟೆಗೆ ಸುಮಾರು 1.4 × 10⁴⁷ ಆಗುವುದು. ಬಿತ್ತನೆಗೆ ಇದು ಸ್ವಲ್ಪ ಹೆಚ್ಚೇ ಆಯಿತು.

ಸಿದ್ಧಾಂತಿಗಳು ಕ್ಷೇತ್ರವನ್ನು ಮೀಟರಿನಲ್ಲಾಗಲಿ ಬಾರ್ನಿನಲ್ಲಾಗಲಿ ಹೇಳದೆ ಶಕ್ತಿಯ ವರ್ಗದ ವಿಲೋಮವಾಗಿ ಹೇಳುವ ರೂಢಿಯೂ ಉಂಟು. ಪ್ಲಾಂಕನ ಸ್ಥಿರಾಂಕವನ್ನು ಪೈಯ ಇಮ್ಮಡಿಯಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದರೆ 0.197327 ಗಿಗಾ ಎಲೆಕ್ಟ್ರಾನ್‌ವೋಲ್ಟ್-ಫೆರ್ಮಿ ಬರುವುದು. ಇದರ ವರ್ಗ 0.0389379, ಚದರ ಫೆರ್ಮಿಗೆ ಹತ್ತು ಮಿಲಿಬಾರ್ನಿನಂತೆ ಒಂದು ಗಿಗಾ ಎಲೆಕ್ಟ್ರಾನ್‌ವೋಲ್ಟಿನ ವರ್ಗದ ವಿಲೋಮವು 0.389379 ಮಿಲಿಬಾರ್ನಿಗೆ ಸಮ. ಈ ಒಂದು ಸಂಖ್ಯೆಯನ್ನು ನೆನಪಿನಲ್ಲಿಟ್ಟರೆ ಸಾಕು.

ಅತ್ಯಲ್ಪವಾದ ಅಡ್ಡಕೊಯ್ತವೊಂದು ಕನ್ನಡನಾಡಿನ ನೆಲದಲ್ಲಿಯೇ ಅನುಭವಕ್ಕೆ ಬಂದ ಪ್ರಸಂಗವನ್ನು ಇನ್ನು ಹೇಳಬೇಕು. ಕೋಲಾರದ ಚಿನ್ನದ ಗಣಿಗಳಲ್ಲಿ ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿದ್ವಾಂಸರೊಡನೆ ಸೇರಿ ಉಪಕರಣಗಳನ್ನು ಸ್ಥಾಪಿಸಿದರು, ಎಂ. ಜಿ. ಕೆ. ಮೆನನ್, ಮೈಸೂರು ಸೀಮೆಯವರೇ ಆದ ಬಿ. ವಿ. ಶ್ರೀಕಂಠನ್ ಮೊದಲಾದವರು ಆ ತಂಡದಲ್ಲಿದ್ದರು. ವಿಶ್ವಕಿರಣಗಳು ವಾಯುಮಂಡಲವನ್ನು ತಾಕಿದಾಗ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಅಲ್ಲಿ ಗುರುತಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸನ ತಂಡದವರೂ ಅವನ್ನು ಕಂಡರು. ಅಷ್ಟು ಆಳಕ್ಕೆ ಇಳಿದದ್ದು ನ್ಯೂಟ್ರಿನೊಗಳನ್ನು ಹುಡುಕುವುದಕ್ಕಲ್ಲ, ಬೇರೆ ಕಣಗಳನ್ನು ತಡೆಯುವುದಕ್ಕೆ. ಮೇಲಿನಿಂದ ಬರುವ ಮ್ಯೂಆನುಗಳೆಂಬ ಕಣಗಳು ಬಹುಮಟ್ಟಿಗೆ ಕಲ್ಲಿನಲ್ಲಿ ಅಡಗಿಹೋಗುವುವು. ನ್ಯೂಟ್ರಿನೊಗಳಿಗೆ ಆ ಕಲ್ಲು ಇದ್ದೂ ಇಲ್ಲದಂತೆ. ಆದ್ದರಿಂದ ಸುರಂಗದ ಪಕ್ಕದಿಂದ ಅಡ್ಡಡ್ಡಲಾಗಿ ಹಾಯ್ದು ಬಂದ ಮ್ಯೂಆನು ಕಂಡರೆ ಅದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ತಾಗಿ ಹುಟ್ಟಿದುದೆಂದು ತೀರ್ಮಾನಿಸಬಹುದಾಗಿತ್ತು. ಆ ಗಣಿಗಳು 2001ರಲ್ಲಿ ಮುಚ್ಚಿಹೋದುವು.

'ಇದ್ದೂ ಇಲ್ಲದಂತೆ' ಎಂಬುದಕ್ಕೆ ಅಳತೆ ಕೊಡುವುದೇ ಬಾರ್ನಿನ ಕೆಲಸ. ಹತ್ತು ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ನ್ಯೂಟ್ರಿನೊ ಒಂದು ಪ್ರೋಟಾನನ್ನೋ ನ್ಯೂಟ್ರಾನನ್ನೋ ತಾಗಿ ಮ್ಯೂಆನನ್ನು ಹುಟ್ಟಿಸುವ ಅಡ್ಡಕೊಯ್ತ ಸುಮಾರು 7 × 10⁻³⁸ ಚದರ ಸೆಂಟಿಮೀಟರು. ಬಾರ್ನಿಗೆ ತಂದರೆ 7 × 10⁻¹⁴, ಎಂದರೆ 70 ಫೆಮ್ಟೊಬಾರ್ನ್. ಕೋಲಾರದ ಕಲ್ಲು ಒಂದು ಘನ ಸೆಂಟಿಮೀಟರಿಗೆ ಸುಮಾರು 3 ಗ್ರಾಮ್ ತೂಗುವುದು. ಅಷ್ಟರಲ್ಲಿ ಸುಮಾರು 1.8 × 10²⁴ ಪ್ರೋಟಾನು ನ್ಯೂಟ್ರಾನುಗಳಿರುವುವು. ಎರಡನ್ನೂ ಗುಣಿಸಿದರೆ, ಒಂದು ಸೆಂಟಿಮೀಟರ್ ಕಲ್ಲನ್ನು ಹಾಯುವಾಗ ನ್ಯೂಟ್ರಿನೊ ತಾಗುವ ಸಂಭವ 1.26 × 10⁻¹³. ಇದರ ವಿಲೋಮವೇ ಅದು ಸರಾಸರಿ ತಡೆಯಿಲ್ಲದೆ ಹೋಗುವ ದೂರ: 7.9 ಲಕ್ಷ ಕೋಟಿ ಸೆಂಟಿಮೀಟರು, ಅಥವಾ 7.9 ಕೋಟಿ ಕಿಲೋಮೀಟರು. ಭೂಮಿಯಿಂದ ಸೂರ್ಯನಿಗಿರುವ ದೂರದ ಅರ್ಧಕ್ಕೂ ಮಿಗಿಲಾದ ದಪ್ಪದ ಬಂಡೆಯನ್ನು ಒಡ್ಡಿದರೆ ಒಂದು ಡಿಕ್ಕಿಯನ್ನು ನಿರೀಕ್ಷಿಸಬಹುದು!

ಇದನ್ನೇ ನಮ್ಮ ಗುಂಟೆಗೆ ಹೊಂದಿಸಿ ನೋಡೋಣ. ಒಂದು ಗುಂಟೆಯ ಅಂಗಳಕ್ಕೆ ಒಂದು ಸೆಂಟಿಮೀಟರ್ ದಪ್ಪದ ಕೋಲಾರದ ಕಲ್ಲನ್ನು ಹಾಸಿದರೆ ಅದರಲ್ಲಿ ಸುಮಾರು 1.8 × 10³⁰ ಪ್ರೋಟಾನು ನ್ಯೂಟ್ರಾನುಗಳಿರುವುವು. ಅವುಗಳಲ್ಲಿ ಒಂದೊಂದಕ್ಕೆ 70 ಫೆಮ್ಟೊಬಾರ್ನಿನಂತೆ ಎಲ್ಲವನ್ನೂ ಕೂಡಿದರೆ ನ್ಯೂಟ್ರಿನೊವಿನ ಪಾಲಿಗೆ ಆ ಇಡೀ ಗುಂಟೆಯ ಹಾಸು 1.3 × 10⁻⁷ ಚದರ ಸೆಂಟಿಮೀಟರಿನಷ್ಟು ಮಾತ್ರ ತೋರುವುದು. ಅದು ಮನುಷ್ಯನ ಕೆಂಪು ರಕ್ತಕಣವೊಂದರ ಮುಖದ ಮೂರನೆಯ ಒಂದು ಪಾಲಿಗಿಂತಲೂ ಕಡಮೆ.